ಕೋರೆ ಅಹವಾಲು: ವರದಿಯಲ್ಲಿ ಮೊದಲು ಯಾವ ಪುಟ ತೆರೆಯಬೇಕು?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯಿಂದ): ಕರಿಕಲ್ಲು ಕೋರೆಗೆ ಸಾರ್ವಜನಿಕ ಅಹವಾಲಿನ ನೋಟಿಸು ಬಂದಿದೆ. ಪರಿಸರ ಪರಿಣಾಮ ವರದಿ ಇಂಗ್ಲಿಷಿನಲ್ಲಿ, ಇನ್ನೂರು ಪುಟದ ಮೇಲೆ. ‘ಎಲ್ಲವೂ ಮಿತಿಯೊಳಗೆ’ ಎಂದು ಪೇಪರಿನಲ್ಲಿ ಬಂತು. ಮೈಕಿನ ಮುಂದೆ ಏನು ಕೇಳಿದರೆ ಲೆಕ್ಕಕ್ಕೆ ಬರುತ್ತದೆ?

ಉತ್ತರ 1: ‘ಮಿತಿಯೊಳಗೆ’ ಎಂಬುದು ಯಾವ ಕೋಷ್ಟಕದ ಮಾತು ಎಂದು ಮೊದಲು ನೋಡಿ. ಮೂಲಸ್ಥಿತಿ ಅಧ್ಯಾಯದ್ದಾದರೆ ಅದು ಕೋರೆ ಶುರುವಾಗುವ ಮೊದಲಿನ ಗಾಳಿ! ಪಿಎಂ10ಕ್ಕೆ, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಧೂಳಿಗೆ, 24 ಗಂಟೆಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಈಗಿನ ಅಳತೆಗೆ ಕೋರೆಯ ಧೂಳು ಕೂಡಿಸಿದ ಅಂದಾಜು ಮುಂದಿನ ಅಧ್ಯಾಯದಲ್ಲಿರುತ್ತದೆ. ಪೇಪರಿನವರು ಅಚ್ಚು ಹಾಕಬೇಕಾದ್ದು ಆ ಸಂಖ್ಯೆಯನ್ನು.

ಉತ್ತರ 2: ಮಾದರಿ ತೆಗೆದ ತಿಂಗಳನ್ನೂ ನೋಡಿ. ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆ ಸಾಕೆಂಬ ಪದ್ಧತಿಯಿದೆ. ನವೆಂಬರಿನಲ್ಲಿ ಅಳೆದರೆ ನಮ್ಮ ಸುರಂಗಗಳಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಬಿಲಗಳು) ಧಾರಾಳ ನೀರು, ಏಪ್ರಿಲ್‌ನ ಕತೆ ಬೇರೆ. 10 ಕಿ.ಮೀ. ವ್ಯಾಪ್ತಿಯ ನೀರಿನ ಮೂಲಗಳ ಪಟ್ಟಿಯಲ್ಲಿ ಬಾವಿ, ಬೋರ್‌ವೆಲ್ ಇದ್ದು ಸುರಂಗವೇ ಇಲ್ಲವೇ? ನೀವೇ ಅಳೆದು ಕೊಡಿ. ಸುರಂಗದ ಬಾಯಿಯಲ್ಲಿ ನೀರು ಹರಿಯುವ ದಂಬೆಗೆ (ಅಡಿಕೆ ಮರದ ದೋಣಿಗೆ) 10 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ: 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 900 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ದಿನಾಂಕ ಬರೆಯಿರಿ. ದಂಬೆಯ ಅಂಚಿನಲ್ಲಿ ನೀರು ಸೋರಿದರೆ ಲೆಕ್ಕ ಕಮ್ಮಿ ಬರುತ್ತದೆ, ಜೇಡಿಮಣ್ಣು ಮೆತ್ತಿಕೊಳ್ಳಿ.

ಉತ್ತರ 3: ಸ್ಫೋಟದ ಕಂಪನವನ್ನು ಬಿಡಬೇಡಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮಿತಿ, ಕಂಪನದ ಆವರ್ತನ 8 ಹರ್ಟ್ಜ್‌ಗಿಂತ (ಸೆಕೆಂಡಿಗೆ 8 ಅಲುಗಾಟ) ಕೆಳಗಿದ್ದಾಗ, ನೆಲ ಅಲುಗುವ ವೇಗ ಸಾಮಾನ್ಯ ಮನೆಗೆ ಸೆಕೆಂಡಿಗೆ 5 ಮಿ.ಮೀ., ಸೂಕ್ಷ್ಮ ರಚನೆಗೆ 2. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಅಡ್ಡಕ್ಕೆ ಕೊರೆದ ಸುರಂಗಕ್ಕೆ ಅಲ್ಲಿ ಬೇರೆ ಸಾಲಿಲ್ಲ. ‘ಸುರಂಗವನ್ನು ಯಾವ ಸಾಲಿಗೆ ಸೇರಿಸಿದ್ದೀರಿ, 2ಕ್ಕೋ 5ಕ್ಕೋ?’ ಇಷ್ಟೇ ಕೇಳಿ, ಕುಳಿತುಬಿಡಿ.

ಉತ್ತರ 4: ಅಹವಾಲಿನಲ್ಲಿ ಮತದಾನವಿಲ್ಲ, ಕೋರಂ (ಕನಿಷ್ಠ ಹಾಜರಿ) ಕೂಡ ಇಲ್ಲ, ನೂರು ಮಂದಿ ‘ಬೇಡ’ ಎಂದು ಕೂಗಿದರೂ ನಡಾವಳಿಯಲ್ಲಿ ಒಂದು ಸಾಲು. ಪುಟ, ಕೋಷ್ಟಕದ ಸಂಖ್ಯೆ ಹೇಳಿ ಕೇಳಿದರೆ ಕಂಪನಿಗೆ ಜಾರಿಕೊಳ್ಳುವುದು ಕಷ್ಟ. ಕೊನೆಗೆ ನಡಾವಳಿಯ ಸಾರಾಂಶವನ್ನು ಸಭೆಗೆ ಓದಿ ಹೇಳಬೇಕು ಎಂದು 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲೇ ಇದೆ. ಊಟಕ್ಕೆಂದು ಎದ್ದು ಹೋಗಬೇಡಿ, ನಿಮ್ಮ ಪ್ರಶ್ನೆ ಬಿಟ್ಟುಹೋಗುವುದು ಆಗಲೇ. ಲಿಖಿತ ಆಕ್ಷೇಪ ಕನ್ನಡದಲ್ಲೇ ಕೊಡಿ, ಅಹವಾಲನ್ನು ನಮ್ಮ ಭಾಷೆಯಲ್ಲೇ ಕೊಡಲು ಸಂವಿಧಾನದ 350ನೇ ವಿಧಿ ಇದೆ. ಆದರೆ ಕಡತ ಹೋಗುವುದು ತಿರುವನಂತಪುರಕ್ಕೆ. ಒಂದು ಪುಟದ ಮಲಯಾಳ ಸಾರ ಪಿನ್ ಮಾಡಿ, ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.