ಅಪ್‌ಡೇಟ್: ಗಾಲ್ಫ್ ಕ್ಲಬ್ ಹಿಡಿಯೋದು ಈಗ ಕೈಗೆ ಹತ್ತಿದೆ

ಹೋದ ತಿಂಗಳು ಕೇಳಿದ್ದೆ: ಹೊಡೆದ ಚೆಂಡೆಲ್ಲ ಬಲಕ್ಕೆ ತಿರುಗಿ ಹೋಗುತ್ತಿದೆ, ಎಡ ಅಂಗೈಯಲ್ಲಿ ಬೊಬ್ಬೆ ಬಂದಿದೆ, ಹಿಡಿತ ತಪ್ಪಾ ಅಂತ. ಹೌದು, ತಪ್ಪಾಗಿತ್ತು.

ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ನಾನು ಅಂಗೈಯಲ್ಲಿ ಅಮುಕಿ ಹಿಡಿಯುತ್ತಿದ್ದೆ. ಎಡಗೈಯಲ್ಲಿ ಅದು ಕೂರಬೇಕಾದದ್ದು ಬೆರಳುಗಳ ಬುಡದಲ್ಲಿ. ಈಗ ಎಡಗೈಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಇಡುತ್ತೇನೆ. ಮೇಲಿಂದ ನೋಡಿದರೆ 2-3 ಗೆಣ್ಣು ಕಾಣಬೇಕು. ನನಗೆ ಒಂದೇ ಕಾಣುತ್ತಿತ್ತು! ಅದಕ್ಕೇ ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್ಬಿನ ಮುಖ ಬಲಕ್ಕೆ ತೆರೆದುಕೊಂಡಿರುತ್ತಿತ್ತು.

ಬಲಗೈ ಕಿರುಬೆರಳನ್ನು ಎಡಗೈ ತೋರುಬೆರಳು, ನಡುಬೆರಳಿನ ಸಂದಿಯ ಮೇಲಿಡುವ, ಗಾಲ್ಫ್ ಆಟಗಾರ ಹ್ಯಾರಿ ವಾರ್ಡನ್ ಹೆಸರಿನ ಹಿಡಿತವನ್ನು ತುಂಬಾ ಜನ ಹೇಳಿದ್ದಿರಿ. ಒಂದು ವಾರ ಪ್ರಯತ್ನಿಸಿದೆ. ನನ್ನ ಬೆರಳು ಗಿಡ್ಡ, ಜಾರುತ್ತಿತ್ತು. ಈಗ ಕಿರುಬೆರಳನ್ನು ತೋರುಬೆರಳಿಗೆ ಹೆಣೆದು ಹಿಡಿಯುತ್ತೇನೆ. ಗಾಲ್ಫ್ ದಿಗ್ಗಜರಾದ ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಹಿಡಿದದ್ದೂ ಹೀಗೇ ಅಲ್ವಾ, ಧೈರ್ಯ ಬಂತು.

ಬಿಗಿ ಕಡಿಮೆ ಮಾಡೋದೇ ಜಾಸ್ತಿ ಕಷ್ಟವಾಯಿತು. ಮನೆಯಲ್ಲಿ ಟಿವಿ ನೋಡುತ್ತಾ ಸುಮ್ನೆ ಕ್ಲಬ್ ಹಿಡಿದು, ಬಿಟ್ಟು, ಮತ್ತೆ ಹಿಡಿದು ಅಭ್ಯಾಸ ಮಾಡಿದೆ. ಬೊಬ್ಬೆ ಒಣಗಿದೆ. 7 ಐರನ್‌ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) ನಲ್ಲಿ ಹೊಡೆದದ್ದು ಈಗ ಹೆಚ್ಚಾಗಿ ನೇರ ಹೋಗುತ್ತಿದೆ. ತುಂಬಾ ದೂರ ಹೊಡೆಯುವ ಉದ್ದನೆಯ ಕ್ಲಬ್, ಡ್ರೈವರ್, ಇನ್ನೂ ಆಗಾಗ ಬಲಕ್ಕೆ ಎಳೆಯುತ್ತದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.