ಒಂದೇ ವಿಆರ್ ಕನ್ನಡಕ, 34 ಮಕ್ಕಳು: ಹೇಗೆ ಬಳಸಲಿ?

ಬಂಗಾರಪೇಟೆ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಕಲಿಸುತ್ತೇನೆ. ದಾನಿಯೊಬ್ಬರು ವಿಆರ್ ಕನ್ನಡಕ ಕೊಟ್ಟರು; ಹಾಕಿಕೊಂಡರೆ ಆ ಜಾಗದಲ್ಲೇ ಇದ್ದ ಹಾಗೆ ಸುತ್ತಲೂ ದೃಶ್ಯ ಕಾಣುತ್ತದೆ. ಮೊನ್ನೆ ಸೌರವ್ಯೂಹ ತೋರಿಸಿದೆ. ಶನಿಯ ಬಳೆ ಕಂಡಿದ್ದೇ ತಡ, ಹಿಂದಿನ ಬೆಂಚಿನ ಹುಡುಗಿ ಎರಡೂ ಕೈ ಚಾಚಿದಳು. ಜೂನ್‌ನಿಂದ ಕ್ಲಾಸಿನಲ್ಲಿ ಬಾಯಿ ಬಿಡದ ಮಗು, "ಸರ್, ಮುಟ್ಟಿದ್ರೆ ತಣ್ಣಗಿರುತ್ತಾ?" ಅಂತ ಕೇಳಿತು. ನನಗೆ ಗಂಟಲು ಕಟ್ಟಿತು. ಆದರೆ ಇಬ್ಬರಿಗೆ ತಲೆ ಸುತ್ತಿತು, ಉಳಿದವರು ಸುಮ್ನೆ ಕಾದರು. ಏನು ಮಾಡಲಿ?

ಉತ್ತರ 1
ಅವಳ ಊಹೆ ಸರಿ! ಬಳೆಯಲ್ಲಿರುವುದು ಬಹುಪಾಲು ನೀರಿನ ಮಂಜುಗಡ್ಡೆಯೇ. ಮೊದಲು ಅವಳಿಗೆ ಹೇಳಿ. ಓಡುತ್ತಿದ್ದೇವೆ ಅಂತ ಕಣ್ಣು ಹೇಳುತ್ತದೆ, ಕೂತಿದ್ದೇವೆ ಅಂತ ಒಳಕಿವಿ ಹೇಳುತ್ತದೆ. ಅದಕ್ಕೇ ತಲೆ ಸುತ್ತುವುದು. ಕುರ್ಚಿಯಲ್ಲಿ ಕೂರಿಸಿ, ಮೂರೇ ನಿಮಿಷ ಕೊಡಿ.

ಉತ್ತರ 2
ಪ್ರೊಜೆಕ್ಟರ್ ಇದ್ದರೆ ಆಕಾಶ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್ ಹಾಕಿ, ಉಚಿತ. ಊರಿನ ಹೆಸರು ಕೊಟ್ಟರೆ ಇವತ್ತು ರಾತ್ರಿ ನಿಮ್ಮೂರ ಮೇಲೆ ಕಾಣುವ ಆಕಾಶವೇ ಬರುತ್ತದೆ. ಕಾಯುವ ಮಕ್ಕಳು ಅದನ್ನು ನೋಡಲಿ.

ಉತ್ತರ 3
ನಮ್ಮಪ್ಪ ಕೆಜಿಎಫ್ ಗಣಿಗೆ ಇಳಿಯುತ್ತಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. 2001ರಲ್ಲಿ ಗಣಿ ಮುಚ್ಚಿತು. ಶನಿಗೆ ಹೋದ ಮಕ್ಕಳು ತಮ್ಮ ತಾತಂದಿರು ಇಳಿದ ಆ ಕತ್ತಲೆಯನ್ನೂ ನೋಡಬೇಕು ಅಲ್ವಾ? ಯಾರಾದರೂ ಆ ಗಣಿಯನ್ನು ವಿಆರ್‌ನಲ್ಲಿ ಮಾಡುವುದಾದರೆ ಅಪ್ಪನ ಹಳೇ ಫೋಟೋಗಳನ್ನು ಕೊಡುತ್ತೇನೆ.