ಟ್ರಂಪೆಟ್ ಬದಲಿಸಿದರೆ ನಾದ ಬದಲಾಗುತ್ತಾ?

ಪ್ರಶ್ನೆ: ಸರ್, ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತೇನೆ. ಇರುವುದು ಮೀರತ್‌ನಲ್ಲಿ ಮಾಡಿದ ವಾದ್ಯ, ಮೌತ್‌ಪೀಸ್ (ತುಟಿಗಿಟ್ಟು ಊದುವ ಭಾಗ) 7ಸಿ ಅಳತೆಯದು. ರೆಕಾರ್ಡ್ ಮಾಡಿ ಕೇಳಿದರೆ ನಾದ ತೀರಾ ಚೂಪು. ನನಗೆ ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್ ಅವರಂಥ ಮೆತ್ತನೆಯ ನಾದ ಬೇಕು. ಅವರು ನುಡಿಸುತ್ತಿದ್ದದ್ದು 'ಮಾರ್ಟಿನ್ ಕಮಿಟಿ' ಎಂಬ ಮಾದರಿಯ ಟ್ರಂಪೆಟ್ ಅಂತ ಓದಿದೆ. ಹಳೆಯದೊಂದು ಮಾರಾಟಕ್ಕಿದೆ, ತೆಗೆದುಕೊಳ್ಳಲಾ?

ಉತ್ತರ: ಸ್ವಲ್ಪ ತಡೆಯಿರಿ. ಇನ್ನೊಬ್ಬ ಜಾಝ್ ವಾದಕ ಡಿಜ್ಜಿ ಗಿಲೆಸ್ಪಿ ಕೂಡ ಮಾರ್ಟಿನ್ ಕಮಿಟಿಯನ್ನೇ ನುಡಿಸಿದವರು. 1953ರಲ್ಲಿ ಒಂದು ಪಾರ್ಟಿಯಲ್ಲಿ ಯಾರೋ ಅವರ ಟ್ರಂಪೆಟ್ ಮೇಲೆ ಬಿದ್ದು ಬೆಲ್ (ನಾದ ಹೊರಬರುವ ಅಗಲ ಬಾಯಿ) ಮೇಲಕ್ಕೆ ಬಾಗಿತು. ಅದೇ ಇಷ್ಟವಾಗಿ, ಮುಂದೆ ಹಾಗೇ ಮಾಡಿಸಿಕೊಂಡರು. ಡಿಜ್ಜಿಯದು ಮೇಲಿನ ಸ್ವರಗಳಲ್ಲಿ ಮಿಂಚಿನ ಓಟ. ಮೈಲ್ಸ್ ಹೆಚ್ಚಾಗಿ ಮಧ್ಯದ ಸ್ವರಗಳಲ್ಲೇ ನಿಲ್ಲುತ್ತಾರೆ, ಸ್ವರವನ್ನು ನಡುಗಿಸುವ ಕಂಪನ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಮಾದರಿ, ಎರಡು ನಾದ. ನಾದ ಹುಟ್ಟುವುದು ತುಟಿ, ಉಸಿರು, ಕಿವಿಯಲ್ಲಿ. ವಾದ್ಯ ಅದಕ್ಕೆ ದಾರಿ ಸಲೀಸು ಮಾಡುತ್ತದೆ, ಇಲ್ಲವೇ ಅಡ್ಡ ಬರುತ್ತದೆ.

ಮೊದಲು ಕೈಹಾಕಬೇಕಾದ್ದು ಮೌತ್‌ಪೀಸಿಗೆ. ಅದರ ಕಪ್ (ಒಳಗಿನ ಬಟ್ಟಲು) ಆಳವಾದಷ್ಟೂ ನಾದ ದುಂಡಗಾಗುತ್ತದೆ. ಆದರೆ ತೀರಾ ಆಳವಾದರೆ ಮೇಲಿನ ಸ್ವರಗಳಿಗೆ ತುಟಿ ಬೇಗ ಸೋಲುತ್ತದೆ. ಅಂಚಿನ ಅಳತೆ ಈಗಿನದೇ ಇರಲಿ, ಆಳ ಮಾತ್ರ ಒಂದು ಮೆಟ್ಟಿಲು ಹೆಚ್ಚಿಸಿ ನೋಡಿ. ವಾದ್ಯದ ಮೇಲೆ ಬೆಳ್ಳಿ ಲೇಪನವೋ ಲ್ಯಾಕರೋ (ಪಾರದರ್ಶಕ ಮೆರುಗು) ಅನ್ನೋ ಜಗಳಕ್ಕೆ ನಾನು ಬರುವುದಿಲ್ಲ!

ಇನ್ನೊಂದು ವಿಷಯ. ಮೈಲ್ಸ್ ಅವರ ಎಷ್ಟೋ ನಿಧಾನದ ಹಾಡುಗಳಲ್ಲಿ ಕೇಳುವುದು ಹಾರ್ಮನ್ ಮ್ಯೂಟ್, ಅಂದರೆ ಬೆಲ್‌ಗೆ ಸಿಕ್ಕಿಸಿ ನಾದ ಬದಲಿಸುವ ಸಾಧನ. ಅದರ ನಡುವಿನ ನಳಿಕೆ ತೆಗೆದು, ಮೈಕ್‌ಗೆ ಹತ್ತಿರ ಹಿಡಿದು ನುಡಿಸಿದ್ದು. ನಿಮಗೆ ಇಷ್ಟವಾದದ್ದು ಅದೇನಾ? ಹಾಗಾದರೆ ಮ್ಯೂಟ್ ಕೊಂಡರೆ ಸಾಕು. ಅಂದಹಾಗೆ, ಫೋನ್ ಎಲ್ಲಿಟ್ಟು ರೆಕಾರ್ಡ್ ಮಾಡಿದಿರಿ?

ಪ್ರಶ್ನೆ: ಬೆಲ್‌ನ ಎದುರಿಗೇ, ಸ್ಟ್ಯಾಂಡ್ ಮೇಲೆ ಸರ್.

ಉತ್ತರ: ಅಲ್ಲೇ ಇದೆ ನೋಡಿ ಅರ್ಧ ತೊಂದರೆ. ನಾದದ ಚೂಪು ಅಂಶ ಬೆಲ್‌ನಿಂದ ನೇರ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ಅಷ್ಟು ಹರಡುವುದಿಲ್ಲ. ಫೋನನ್ನು ಹತ್ತು ಹೆಜ್ಜೆ ದೂರ, ಓರೆಯಾಗಿಟ್ಟು ಮತ್ತೆ ಕೇಳಿ. ಆ ಹಳೆಯದನ್ನು ನೋಡಲು ಹೋದರೆ, ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಒತ್ತದೆ ಅದರ ಸ್ಲೈಡ್ (ಜಾರುವ ಕೊಳವೆ) ಹೊರಗೆಳೆಯಿರಿ. 'ಟಪ್' ಅಂತ ಶಬ್ದ ಬರಬೇಕು. ಬರದಿದ್ದರೆ ವಾಲ್ವ್ ಸವೆದು ಗಾಳಿ ಸೋರುತ್ತಿರಬಹುದು. ಎಂಥ ಹೆಸರಿದ್ದರೂ ಬೇಡ.

ಪ್ರಶ್ನೆ: ಟ್ರಂಪೆಟ್‌ನಂಥದೇ ವಾದ್ಯ ಫ್ಲೂಗಲ್‌ಹಾರ್ನ್ ಹೇಗೆ ಸರ್?

ಉತ್ತರ: ಮೆತ್ತನೆಯೇ ಬೇಕು ಅಂದರೆ ನನ್ನ ಓಟು ಅದಕ್ಕೇ. ಕೊಳವೆಯ ಉದ್ದ ಟ್ರಂಪೆಟ್‌ನಷ್ಟೇ, ಸುಮಾರು ಒಂದೂವರೆ ಮೀಟರ್. ಆದರೆ ಟ್ರಂಪೆಟ್‌ನಲ್ಲಿ ಬಹುಪಾಲು ಒಂದೇ ಅಗಲ, ಇದರಲ್ಲಿ ಬೆಲ್‌ವರೆಗೂ ಅಗಲವಾಗುತ್ತಾ ಹೋಗುತ್ತದೆ. ಚೂಪು ತಾನಾಗಿ ಕಡಿಮೆಯಾಗುತ್ತದೆ. ಜಾಝ್ ವಾದಕ ಆರ್ಟ್ ಫಾರ್ಮರ್ 1960ರ ದಶಕದಲ್ಲಿ ಟ್ರಂಪೆಟ್ ಬದಿಗಿಟ್ಟು ಇದಕ್ಕೇ ಬಂದರು. ಬೆರಳು ಹಾಕುವುದು ಹಾಗೇ, ಹೊಸದಾಗಿ ಕಲಿಯಬೇಕಿಲ್ಲ. ಆದರೆ ಮೌತ್‌ಪೀಸ್ ಬೇರೆಯೇ ಬೇಕು, ನಿಮ್ಮ 7ಸಿ ಅದಕ್ಕೆ ಕೂರುವುದಿಲ್ಲ.